ಮೊದಲು ಅರಿವಿ, ಆಮೇಲೆ ಕೆರೆ: ಸವೆದ ಮನೆಬಟ್ಟೆಯಲ್ಲಿ ನೀರಿನ ಚಿತ್ರ ಹೊಲಿಯುವ ಕ್ರಮ

ಕಳೆದ ಚಳಿಗಾಲ ನನ್ನ ಹತ್ತಿರ ಹೊಲಿಗೆ ಕಲಿಯಲು ಬಂದ ಏಳು ಮಂದಿಯಲ್ಲಿ ಐವರು ಒಂದೇ ಜಾಗದಲ್ಲಿ ಎಡವಿದರು. ಭಾನುವಾರ ಕೊಪ್ಪಳ ಜಿಲ್ಲೆಯ ಸಾಣಾಪುರ ಕೆರೆಗೆ ಹೋದರು. ಫೋನಿನಲ್ಲಿ ಇನ್ನೂರು ಫೋಟೊ ತೆಗೆದರು. ಮನೆಗೆ ಬಂದು ಚೆಂದದ್ದೊಂದನ್ನು ಆರಿಸಿಕೊಂಡು, ಅದಕ್ಕೆ ಹೊಂದುವ ಬಟ್ಟೆ ಹುಡುಕಲು ಟ್ರಂಕು ತೆಗೆದರು. ನೀಲಿ ಸಿಗಲಿಲ್ಲ. ಅಂಗಡಿಗೆ ಹೋಗಿ ಹೊಸ ನೀಲಿ ಬಟ್ಟೆ ತಂದರು. ಹಳೆಯ ದುಪ್ಪಟಿ ಮತ್ತೆ ಟ್ರಂಕಿನ ತಳ ಸೇರಿತು.

ಐವರ ಕೈಯೂ ಚೆನ್ನಾಗಿತ್ತು. ಕೆಲಸದ ಕ್ರಮ ತಿರುಗುಮುರುಗಾಗಿತ್ತು. ಮೊದಲು ಮನೆಯ ಅರಿವಿಯನ್ನು, ಅಂದರೆ ಬಟ್ಟೆಯನ್ನು, ನೋಡಬೇಕು. ಅದರಲ್ಲಿ ಏನಿದೆ ಅಂತ ಗೊತ್ತಾದ ಮೇಲೆ ನೀರಿನ ಹತ್ತಿರ ಹೋಗಬೇಕು. ಆಗ ಕಣ್ಣು ತನಗೆ ಬೇಕಾದ್ದನ್ನು ತಾನೇ ಹುಡುಕುತ್ತದೆ.

ಮೊದಲ ಸಲಕ್ಕೆ ಒಂದೂವರೆ ಅಡಿ ಅಗಲ, 2 ಅಡಿ ಉದ್ದದ ಒಂದು ತುಂಡು ಸಾಕು. ಗೋಡೆಗೆ ತೂಗು ಹಾಕುವಂಥದ್ದು. ದಿನಕ್ಕೆ ಒಂದು ತಾಸು ಕೂತರೆ ಮೂರು ವಾರ ಹಿಡಿಯುತ್ತದೆ. ಹಳೆಯ ಬಟ್ಟೆ ಪದರ ಪದರವಾಗಿ ಕೂಡಿಸಿ ಹೊಲಿಯುವ ಪೂರಾ ಕೌದಿಗೆ ಈಗಲೇ ಕೈ ಹಾಕಬೇಡಿ.

ಕೈಗೆ ಬೇಕಾದದ್ದು

ಹೊಸದಾಗಿ ಕೊಳ್ಳುವುದು ಕಡಿಮೆ. ಸವೆದ ಹತ್ತಿ ಬಟ್ಟೆ ನಾಲ್ಕೈದು ಇರಲಿ: ದುಪ್ಪಟಿ, ದಿಂಬಿನ ಚೀಲ, ಧೋತರ, ಹಳೆಯ ಪತ್ತಲ (ಸೀರೆ), ಟವೆಲ್. ಬನಿಯನ್, ಟೀ ಶರ್ಟು ಬೇಡ. ಅವು ಹೆಣಿಗೆಯ ಬಟ್ಟೆ. ಜಗ್ಗುತ್ತವೆ, ಪಕ್ಕದ ನೇಯ್ದ ಬಟ್ಟೆಯನ್ನೂ ಸೊಟ್ಟ ಮಾಡುತ್ತವೆ.

ಕತ್ತರಿ ಎರಡು ಬೇಕು, ಬಟ್ಟೆಗೊಂದು, ಕಾಗದಕ್ಕೊಂದು. ಸೂಜಿ ತೆಳ್ಳಗಿರಲಿ, ಕಣ್ಣು ಉದ್ದ ಇರಲಿ. ಕಸೂತಿ ಸೂಜಿ ಅಂತ ಕೇಳಿದರೆ ಕೊಡುತ್ತಾರೆ. ಕೌದಿ ಹೊಲಿಯುವ ದಪ್ಪ ಸೂಜಿ ಇಲ್ಲಿ ನಡೆಯುವುದಿಲ್ಲ. ಸವೆದ ಬಟ್ಟೆಯಲ್ಲಿ ಅದು ಹೊಕ್ಕ ಕಡೆಯೆಲ್ಲ ತೂತು ಉಳಿಯುತ್ತದೆ.

ದಾರ ಹತ್ತಿಯದ್ದೇ ಆಗಬೇಕು. ಮಿಷನ್ನಿಗೆ ಹಾಕುವ ಪಾಲಿಯೆಸ್ಟರ್ ದಾರ ಹಳೆಯ ಬಟ್ಟೆಗಿಂತ ಗಟ್ಟಿ. ನಾಳೆ ಯಾರಾದರೂ ಎಳೆದರೆ ದಾರ ಹಾಗೇ ಉಳಿದು ಬಟ್ಟೆ ಹರಿಯುತ್ತದೆ. ದಾರಕ್ಕೆ ಸವರಲು ಜೇನುಮೇಣ ಇಲ್ಲವೇ ಮೇಣದಬತ್ತಿಯ ತುಂಡು, ಒಂದು ಡಬ್ಬಿ ಟಾಚಣಿ (ಗುಂಡುಸೂಜಿ), ದರ್ಜಿಗಳ ಸೀಮೆಸುಣ್ಣ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಅಂಗುಸ್ತಾನ, ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು.

ಇನ್ನೊಂದು, ಹಳೆಯ ಮದುವೆ ಕಾರ್ಡು. ಅದರ ನಡುವೆ ಒಂದೂವರೆ ಇಂಚು, 2 ಇಂಚಿನ ಕಿಂಡಿ ಕತ್ತರಿಸಿ. ನಿಮ್ಮ ತುಂಡಿನ ಅಳತೆಗೆ ಇದು ಸರಿಹೊಂದುತ್ತದೆ, ಇಂಚಿಗೆ ಒಂದು ಅಡಿ. ಕೆರೆಯ ಹತ್ತಿರ ಫೋನಿನ ಕೆಲಸವನ್ನು ಈ ಕಾರ್ಡು ಮಾಡುತ್ತದೆ.

ಬಳ್ಳಾರಿ ಕಡೆಯವರು ಜೀನ್ಸ್ ತುಂಡುಗಳ ಬಗ್ಗೆ ಕೇಳುತ್ತಾರೆ. ಅಲ್ಲಿ ಹೊಲಿಯುವ ಮನೆಗಳಲ್ಲಿ ಚೂರುಗಳಿಗೆ ಬರವಿಲ್ಲ, ಗೊತ್ತು. ಆದರೆ ಜೀನ್ಸಿನ ಭಾರಕ್ಕೆ ಸವೆದ ಧೋತರ ಒಂದು ತಿಂಗಳೂ ತಾಳುವುದಿಲ್ಲ. ಹಾಕಲೇಬೇಕಾದರೆ ತುಂಡಿನ ತಳದಲ್ಲಿ ಒಂದು ಪಟ್ಟಿ ಹಾಕಿ. ಮೇಲೆ ಬೇಡ.

ಹಂತ 1: ಮನೆಯವರನ್ನು ಕೇಳುವುದು

ನಾನು ಕಲಿಯುತ್ತಿದ್ದ ಮೊದಲ ವರ್ಷ ಅಟ್ಟದ ಗಂಟು ಬಿಚ್ಚಿ ಒಂದು ಬಿಳಿ ಧೋತರ ಕತ್ತರಿಸಿಬಿಟ್ಟೆ. ಅದು ಅಪ್ಪ ಕೊನೆಗೆ ಉಡುತ್ತಿದ್ದ ಧೋತರ. ಅವ್ವ ಬೈಯಲಿಲ್ಲ. “ಕೇಳಿದ್ರ ನಾನ ಕೊಡ್ತಿದ್ದೆ, ಯವ್ವಾ” ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಕೇಳುವುದರಿಂದ ಇನ್ನೊಂದು ಲಾಭವಿದೆ. ಇದು ಯಾರದು, ಎಲ್ಲಿ ಹಾಸುತ್ತಿದ್ದರು, ಎಷ್ಟು ವರ್ಷ ಬಳಸಿದರು ಅಂತ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ದುಪ್ಪಟಿಯ ಒಂದೇ ಮಗ್ಗುಲು ಯಾಕೆ ಸವೆದಿದೆ, ಪತ್ತಲದ ಒಂದು ಮೂಲೆ ಯಾಕೆ ಕಪ್ಪಾಗಿದೆ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ನಾಲ್ಕನೆಯ ಹಂತಕ್ಕೆ ಇದು ಬೇಕಾಗುತ್ತದೆ.

ದೇವರ ಕೋಣೆಯ ಮಡಿ ಬಟ್ಟೆ, ಯಾರೋ ನೆನಪಿಗೆ ಅಂತ ಎತ್ತಿಟ್ಟದ್ದು, ಇವುಗಳನ್ನು ಅವರಾಗಿ ಕೈಗಿತ್ತರೆ ಮಾತ್ರ ಮುಟ್ಟಿ.

ಹಂತ 2: ನೆನೆಸಿ, ತೊಳೆದು, ಬಣ್ಣ ಪರೀಕ್ಷೆ ಮಾಡುವುದು

ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಬೆಳಿಗ್ಗೆ ಮೆದು ಸೋಪಿನಲ್ಲಿ ಕೈಯಿಂದ ಅದ್ದಿ ತೆಗೆಯಿರಿ. ಕಲ್ಲಿಗೆ ಒಗೆಯಬೇಡಿ, ಹಿಂಡಬೇಡಿ. ನಮ್ಮ ಕಡೆ ಬಹಳ ಬೋರಿನ ನೀರು ಸವಳು. ನೊರೆ ಬರುವುದಿಲ್ಲ ಅಂತ ಸೋಪು ಜಾಸ್ತಿ ಹಾಕಿದರೆ ಅದೇ ಬಟ್ಟೆಯಲ್ಲಿ ಬೂದಿಯ ಹಾಗೆ ಕೂರುತ್ತದೆ. ಸೋಪು ಕಡಿಮೆ, ನೀರು ಜಾಸ್ತಿ. ಮೂರು ಸಲ ಜಾಲಿಸಿ.

ಬ್ಲೀಚಿಂಗ್ ಪೌಡರ್ ಹಾಕಬೇಡಿ. ಹತ್ತಿಯ ಎಳೆಯನ್ನು ಅದು ತಿನ್ನುತ್ತದೆ. ಮೊದಲೇ ಸವೆದ ಬಟ್ಟೆ, ಅದರ ಮೇಲೆ ಬ್ಲೀಚು ಬಿದ್ದರೆ ಸೂಜಿ ತಾಕಿದ ಕಡೆ ಪುಡಿಯಾಗುತ್ತದೆ.

ಬಣ್ಣದ ಬಟ್ಟೆಗೆಲ್ಲ ಈ ಪರೀಕ್ಷೆ ಕಡ್ಡಾಯ. ಒಂದು ಬಿಳಿ ಚೂರನ್ನು ಒದ್ದೆ ಮಾಡಿ ಬಣ್ಣದ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಇನ್ನೂ ಎರಡು ಸಲ ಒಗೆದು ಮತ್ತೆ ನೋಡಿ. ಆಗಲೂ ಬಿಟ್ಟರೆ ಬಿಳಿಯ ಪಕ್ಕ ಅದನ್ನು ಹಾಕಬೇಡಿ. ಕೆಂಪು ಸೆರಗು, ಕೆಂಪು ದಡಿ ಇದ್ದರೆ ಇನ್ನೂ ಹುಷಾರಾಗಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಒಮ್ಮೆ ಹಾಕಿ ಮುಗಿದ ಬಣ್ಣವನ್ನು ಉಪ್ಪು ಹಿಡಿದು ನಿಲ್ಲಿಸುವುದಿಲ್ಲ. ನನ್ನ ಒಂದು ಇಡೀ ತುಂಡು ಆ ನಂಬಿಕೆಗೆ ಗುಲಾಬಿಯಾಯಿತು.

ಹಂತ 3: ನೂಲು ಯಾವುದು, ಎಷ್ಟು ಗಟ್ಟಿ

ಅಂಚಿನಿಂದ ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಇಲ್ಲವೇ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕಾಗದದ ವಾಸನೆಯೂ ಬಂದು ಮಣಿಯೂ ಆದರೆ ಬೆರಕೆ. ಹತ್ತಿಯನ್ನೇ ಆರಿಸಿಕೊಳ್ಳಿ. ಪಾಲಿಯೆಸ್ಟರ್ ಸವೆದರೂ ಮೆತ್ತಗಾಗುವುದಿಲ್ಲ, ಮಡಿಕೆ ಹಿಡಿಯುವುದಿಲ್ಲ. ಇಂಥ ಕೆಲಸಕ್ಕೆ ಅದು ಹಟಮಾರಿ ಬಟ್ಟೆ.

ಗಟ್ಟಿತನಕ್ಕೆ ಹೆಬ್ಬೆರಳಿನ ಪರೀಕ್ಷೆ. ಎರಡು ಹೆಬ್ಬೆರಳನ್ನು ಬಟ್ಟೆಯ ಮೇಲೆ ಜೋಡಿಸಿಟ್ಟು ಮೆಲ್ಲಗೆ ಎರಡೂ ಕಡೆ ಎಳೆಯಿರಿ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಏನೂ ಆಗದಿದ್ದರೆ ಗಟ್ಟಿ, ಅದು ತಳದ ಪದರಕ್ಕೆ. ಎಳೆಗಳು ಅಗಲಿ ಬೆಳಕು ಕಂಡರೆ ಸಡಿಲು, ಅದು ಮೇಲೆ ಬರಲಿ. ಚರ್ ಅಂತ ಹರಿದರೆ ಪುಡಿ. ಅದನ್ನು ನಡುವಿನ ಪದರಕ್ಕೆ ತುಂಬಿ, ಇಲ್ಲವೇ ಚಿಕ್ಕ ತೇಪೆಗೆ ಇಟ್ಟುಕೊಳ್ಳಿ. ಮೂರು ಗುಡ್ಡೆ ಮಾಡಿ ಬೇರೆ ಬೇರೆ ಇಡಿ.

ಹಂತ 4: ಸವೆತದ ನಕ್ಷೆ ಬರೆಯುವುದು

ಎಲ್ಲರೂ ಹಾರಿಸಿ ಹೋಗುವ ಹಂತ ಇದು. ಇಲ್ಲಿಗೆ ಎರಡು ಸಂಜೆ ಕೊಡಿ.

ಮನೆಬಟ್ಟೆ ಎಲ್ಲ ಕಡೆ ಒಂದೇ ಥರ ಸವೆಯುವುದಿಲ್ಲ. ದುಪ್ಪಟಿ ನಡುವೆ ಸವೆಯುತ್ತದೆ, ಮೈ ಹೊರಳುವ ಜಾಗದಲ್ಲಿ. ಅದರ ಅಂಚು ಹೊಸದರ ಹಾಗೇ ಇರುತ್ತದೆ. ಪತ್ತಲ ಸವೆಯುವುದು ನೆರಿಗೆಯ ಕೆಳಗೆ ಮತ್ತು ಸೊಂಟಕ್ಕೆ ಸಿಕ್ಕಿಸುವ ಕಡೆ. ದಿಂಬಿನ ಚೀಲಕ್ಕೆ ಎಣ್ಣೆಯ ಒಂದು ದುಂಡು ಕಲೆ ಇದ್ದೇ ಇರುತ್ತದೆ. ಲುಂಗಿ ಕೂರುವ ಜಾಗದಲ್ಲಿ ತೆಳ್ಳಗಾಗುತ್ತದೆ. ಮಡಿಸಿ ಇಟ್ಟ ಬಟ್ಟೆಯಲ್ಲಿ ಮಡಿಕೆಯ ಉದ್ದಕ್ಕೆ ಬಣ್ಣ ಮಾಸಿ ಗೆರೆ ಬಿದ್ದಿರುತ್ತದೆ.

ಹಗಲಿನಲ್ಲಿ ಬಟ್ಟೆಯನ್ನು ಕಿಟಕಿಗೆ ಅಡ್ಡ ತೂಗು ಹಾಕಿ. ಬೆಳಕು ಹಿಂದಿನಿಂದ ಬರಲಿ. ತೆಳ್ಳಗಾದ ಜಾಗ ಬೆಳ್ಳಗೆ ಕಾಣುತ್ತದೆ, ಗಟ್ಟಿ ಜಾಗ ಕಪ್ಪಗೆ. ಮೊದಲ ಸಲ ನೋಡಿದವರು ತುಸು ಹೊತ್ತು ಸುಮ್ಮನಾಗುತ್ತಾರೆ. ಹತ್ತು ವರ್ಷ ಮಲಗಿದ ಮೈಯ ಆಕಾರ ಅಲ್ಲಿ ಇರುತ್ತದೆ, ದಡವೂ ನಡುಗಡ್ಡೆಯೂ ಆಗಬಲ್ಲ ಆಕಾರ. ಅದರ ಅಂಚನ್ನು ಸೀಮೆಸುಣ್ಣದಿಂದ ಮೆಲ್ಲಗೆ ಗುರುತು ಮಾಡಿ.

ಆಮೇಲೆ ನೆಲದ ಮೇಲೆ ಹಾಸಿ ಕಲೆ, ತೂತು, ಹಳೆಯ ತೇಪೆ, ರಫು ಹಾಕಿದ ಜಾಗ, ಮಾಸಿದ ಗೆರೆ ಎಲ್ಲವನ್ನೂ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆಯಿರಿ. ಚಿತ್ರ ಚೆಂದ ಇರಬೇಕಿಲ್ಲ. ತೂತಿಗೆ ಸೊನ್ನೆ, ಕಲೆಗೆ ಚುಕ್ಕಿ, ಗೆರೆಗೆ ಗೆರೆ.

ಕಲೆಗಳ ಬಗ್ಗೆ ಮೂರು ಮಾತು. ಅರಿಶಿನದ ಕಲೆ ಸೋಪು ತಾಕಿದ ಕೂಡಲೇ ಕೆಂಪಾಗುತ್ತದೆ, ಜಾಲಿಸಿದರೆ ಮತ್ತೆ ಹಳದಿ. ಬಿಸಿಲಿಗೆ ಅದು ಹಾರಿಹೋಗುತ್ತದೆ. ಹಾಗಾಗಿ ಆ ಹಳದಿಯನ್ನು ನಂಬಿ ಚಿತ್ರ ಕಟ್ಟಬೇಡಿ. ಚಹಾದ ಕಲೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಧೈರ್ಯವಾಗಿ ಬಳಸಿ. ಟ್ರಂಕಿನ ಮೊಳೆಯಿಂದ ಹತ್ತಿದ ತುಕ್ಕಿನ ಕಲೆ ನೋಡಲು ಬಹಳ ಚೆಂದ, ಥೇಟ್ ನಮ್ಮ ಕೆಂಪು ಮಣ್ಣು. ಆದರೆ ತುಕ್ಕು ಹತ್ತಿಯನ್ನು ನಿಧಾನವಾಗಿ ತಿನ್ನುತ್ತಲೇ ಇರುತ್ತದೆ. ಇಟ್ಟುಕೊಳ್ಳುವುದಾದರೆ ಅದರ ಹಿಂದೆ ಗಟ್ಟಿ ಬಟ್ಟೆ ಕೊಡಿ.

ಎಚ್ಚರಿಕೆಯ ಗುರುತು: ಕರಿ ಚುಕ್ಕಿಗಳ ಬೂಷ್ಟು ಇದ್ದು ಹಸಿ ವಾಸನೆ ಬಂದರೆ ಆ ಬಟ್ಟೆಯನ್ನು ಮಿಕ್ಕವುಗಳ ಜೊತೆ ಇಡಬೇಡಿ. ಎರಡು ದಿನ ಬಿಸಿಲಿಗೆ ಹಾಕಿ. ವಾಸನೆ ಹೋಗದಿದ್ದರೆ ನೆಲ ಒರೆಸಲು ಬಳಸಿ.

ಹಂತ 5: ನೀರಿನ ಹತ್ತಿರ ಒಂದು ಬೆಳಿಗ್ಗೆ

ಎಲ್ಲಿಗೆ ಹೋಗಬೇಕು ಅನ್ನುವುದನ್ನು ನಕ್ಷೆಯೇ ಹೇಳಲಿ. ಬಟ್ಟೆಯಲ್ಲಿ ಅಡ್ಡ ಗೆರೆಗಳು, ಮಡಿಕೆಯ ಮಾಸಲು ಜಾಸ್ತಿ ಇದ್ದರೆ ತುಂಗಭದ್ರಾ ಹಿನ್ನೀರಿನ ದಡಕ್ಕೆ ಹೋಗಿ. ಚೂರುಚೂರು ತೂತು, ತೇಪೆ ಇದ್ದರೆ ಸಾಣಾಪುರದ ಬಂಡೆಗಳ ಕಡೆ. ದುಂಡು ಕಲೆ ಇದ್ದರೆ ಆನೆಗೊಂದಿ ಹತ್ತಿರದ ಪಂಪಾ ಸರೋವರ, ಇಲ್ಲವೇ ಹರಿಗೋಲು ಬೋರಲು ಹಾಕಿರುವ ಯಾವುದೇ ದಡ. ರಾಯಚೂರಿನವರಿಗೆ ಆಮ್ ತಲಾಬ್ ಇದೆ, ಬಳ್ಳಾರಿ, ಸಂಡೂರು ಕಡೆಯವರಿಗೆ ದರೋಜಿ ಕೆರೆ. ನಿಮ್ಮ ಊರ ಕೆರೆಯೇ ಆದರೆ ಇನ್ನೂ ಒಳ್ಳೆಯದು, ಎರಡನೆಯ ಸಲ ಹೋಗಬಹುದು.

ಹಿನ್ನೀರಿಗೆ ಹೋಗುವವರು ತಿಂಗಳು ನೋಡಿಕೊಳ್ಳಿ. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1633 ಅಡಿ. ಮಳೆಗಾಲ ಚೆನ್ನಾಗಿದ್ದರೆ ಆಗಸ್ಟಿನ ಹೊತ್ತಿಗೆ ನೀರು ಅಲ್ಲಿಗೆ ಮುಟ್ಟುತ್ತದೆ. ಆಗ ದಡ ಅನ್ನುವುದೇ ಕಾಣುವುದಿಲ್ಲ, ನೀರಿನ ಬಣ್ಣ ಮಣ್ಣಿನದು. ಕಾಲುವೆಗೆ ಬಿಡುತ್ತಾ ಬಿಡುತ್ತಾ ಬೇಸಿಗೆಗೆ ಕೆಳಗಿಳಿಯುತ್ತದೆ. ಇಳಿಯುವಾಗ ದಡದ ಮಣ್ಣಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬಿಟ್ಟು ಹೋಗುತ್ತದೆ. ಹೊಲಿಗೆಯ ಸಾಲಿಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಫೆಬ್ರುವರಿಯ ನಂತರ ಹೋಗಿ.

ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು. ಎಂಟೂವರೆಗೆ ಕೆಲಸ ಮುಗಿಯಿತು. ಬೆಳಕು ಅಡ್ಡ ಬಿದ್ದಾಗ ಬಂಡೆಯ ಮೈ, ನೀರಿನ ಸುಕ್ಕು ಎರಡೂ ಎದ್ದು ಕಾಣುತ್ತವೆ. ಹತ್ತು ಗಂಟೆಯ ನಂತರ ಎಲ್ಲ ಚಪ್ಪಟೆ, ಕಣ್ಣು ಕುಕ್ಕುವ ಬಿಳಿ ಮಾತ್ರ.

ಚೀಲದಲ್ಲಿ ಇರಬೇಕಾದ್ದು: ಸವೆತದ ನಕ್ಷೆ, ಕಿಂಡಿ ಕಾರ್ಡು, ನೋಟ್‌ಬುಕ್ಕು, ನಿಮ್ಮ ಪ್ರತಿ ಬಟ್ಟೆಯಿಂದ ಅಂಗೈ ಅಗಲದ ಒಂದು ಚೂರು, 6 ಇಂಚಿನ ಬಿಳಿ ಬಟ್ಟೆ, ಸೂಜಿ ದಾರ, ಕುಡಿಯುವ ನೀರು, ಟೋಪಿ.

ಅಲ್ಲಿ ಮಾಡುವ ಕೆಲಸ ಐದು. ಈ ಸಾಲು ತಪ್ಪಿಸಬೇಡಿ.

ಒಂದು, ಫೋನು ಚೀಲದಲ್ಲಿಟ್ಟು ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಹತ್ತು ನಿಮಿಷ ಬಹಳ ದೊಡ್ಡದು, ಕೂತಾಗ ಗೊತ್ತಾಗುತ್ತದೆ.

ಎರಡು, ಕಿಂಡಿ ಕಾರ್ಡನ್ನು ಒಂದು ಕಣ್ಣಿಗೆ ಹಿಡಿದು ಸುತ್ತ ನೋಡಿ. ನಿಮ್ಮ ನಕ್ಷೆಯಲ್ಲಿರುವಂಥ ಗೆರೆಯೋ ಆಕಾರವೋ ಕಿಂಡಿಯೊಳಗೆ ಬಂದಾಗ ನಿಲ್ಲಿಸಿ. ಪುಟಕ್ಕೆ ಮೂರೇ ಗೆರೆ ಎಳೆಯಿರಿ: ದಡ ಎಲ್ಲಿ, ನೀರಿನ ಅಂಚು ಎಲ್ಲಿ, ನೆರಳು ಎಲ್ಲಿ. ನಾಲ್ಕನೆಯ ಗೆರೆ ಬೇಕೆನಿಸಿದರೆ ಹೊಸ ಪುಟ ತೆಗೆಯಿರಿ. ಇಂಥ ಆರು ಪುಟ ಆಗಲಿ.

ಮೂರು, ಚೂರುಗಳನ್ನು ಒಂದೊಂದಾಗಿ ನೀರಿಗೆ, ಬಂಡೆಗೆ, ಮಣ್ಣಿಗೆ ಎದುರು ಹಿಡಿದು ಕಣ್ಣು ಕಿರಿದು ಮಾಡಿ ನೋಡಿ. ಆಗ ಬಣ್ಣ ಮರೆಯಾಗಿ ಕಪ್ಪು ಎಷ್ಟು, ಬಿಳುಪು ಎಷ್ಟು ಅನ್ನುವುದು ಮಾತ್ರ ಉಳಿಯುತ್ತದೆ. ನೀರು ನೀಲಿ ಅನ್ನುವುದು ಶಾಲೆಯ ಚಿತ್ರದ ಪಾಠ. ಬೆಳಗಿನ ಸಾಣಾಪುರ ನನಗೆ ಒಗೆದೊಗೆದು ಮಾಸಿದ ಹಸಿರು ಲುಂಗಿಯ ಹಾಗೆ ಕಂಡಿದೆ, ಒಮ್ಮೆ ಬೂದು ಟವೆಲಿನ ಹಾಗೆ. ಯಾವ ಚೂರು ಯಾವುದಕ್ಕೆ ಹೊಂದಿತು ಅಂತ ಅಲ್ಲೇ ಬರೆದು ಚೂರಿಗೆ ಟಾಚಣಿ ಚುಚ್ಚಿ. ಮನೆಗೆ ಬಂದ ಮೇಲೆ ನೆನಪಿರುವುದಿಲ್ಲ.

ನಾಲ್ಕು, ನೀರಿನ ಮೇಲೆ ಬದುಕುವವರ ವಸ್ತು ನೋಡಿ. ಮೀನುಗಾರರ ಬಲೆಯಲ್ಲಿ ಹರಿದ ಜಾಗಕ್ಕೆ ಬೇರೆ ಬಣ್ಣದ ದಾರದಿಂದ ಕಣ್ಣು ಕಟ್ಟಿರುತ್ತಾರೆ. ಹರಿಗೋಲಿನ ಒಳಮೈಯಲ್ಲಿ ಬಿದಿರ ಸೀಳುಗಳು ಒಂದರ ಮೇಲೊಂದು ಹಾದು ಹೋಗುತ್ತವೆ. ಬಂಡೆಗಳ ಮೇಲೆ ಒಗೆದು ಒಣಹಾಕಿದ ಸೀರೆ ಬಂಡೆಯದೇ ಆಕಾರ ಹಿಡಿದಿರುತ್ತದೆ. ಇವುಗಳಲ್ಲಿ ಒಂದನ್ನು ಹತ್ತಿರ ಕೂತು ಬರೆದುಕೊಳ್ಳಿ. ಕೇಳಿ ಕೂತುಕೊಳ್ಳಿ. ಒಣಗಿಸಿದ ಸೀರೆಯ ಫೋಟೊ ತೆಗೆದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ?

ಐದು, ಬಿಳಿ ಬಟ್ಟೆಯ ಮೇಲೆ ಅಲ್ಲೇ ಕೂತು ಮೂರು ಸಾಲು ಹೊಲಿಯಿರಿ. ನೀರಿನ ಸುಕ್ಕನ್ನು ನೋಡುತ್ತಾ ಹೊಲಿಯಿರಿ. ಸಾಲು ಡೊಂಕಾಗುತ್ತದೆ. ಆಗಲಿ. ಮನೆಯಲ್ಲಿ ನೆನಪಿನಿಂದ ಎಂಥ ಕೈಗೂ ಆ ಡೊಂಕು ಬರುವುದಿಲ್ಲ.

ಇಷ್ಟಾದ ಮೇಲೆ ಬೇಕಿದ್ದರೆ ಫೋಟೊ ತೆಗೆಯಿರಿ. ಹತ್ತಕ್ಕೆ ನಿಲ್ಲಿಸಿ.

ಎಚ್ಚರಿಕೆಯ ಮಾತುಗಳು: ನೀರಿಗೆ ಇಳಿಯಬೇಡಿ. ಬಂಡೆಯ ಅಂಚು ಪಾಚಿಯಿಂದ ಜಾರುತ್ತದೆ, ಕಾಲುವೆಗೆ ಸೇರಿದ ಕೆರೆಯಲ್ಲಿ ಸೆಳೆತ ಮೇಲಿನಿಂದ ಕಾಣುವುದಿಲ್ಲ, ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ನದಿಯ 34 ಕಿಲೋಮೀಟರ್ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಅಲ್ಲಿ ದಾರ, ಪ್ಲಾಸ್ಟಿಕ್ಕು, ಟಾಚಣಿ ಏನನ್ನೂ ಬಿಟ್ಟು ಬರಬೇಡಿ. ಒಬ್ಬರೇ ಹೋಗಬೇಡಿ, ಕತ್ತಲಾಗುವವರೆಗೆ ಉಳಿಯಬೇಡಿ.

ಕೆಲವರು ಕಲ್ಲಿನ ಮೇಲೆ ಬಟ್ಟೆ ಹಾಸಿ ಮೇಣದ ಬಣ್ಣ ಉಜ್ಜಿ ಅಚ್ಚು ತೆಗೆಯುತ್ತಾರೆ. ದಡದ ಸಾದಾ ಬಂಡೆಗೆ ಪರವಾಗಿಲ್ಲ. ಆನೆಗೊಂದಿಯ ಕೆತ್ತನೆಯ ಕಲ್ಲಿಗೆ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗೆ, ಬಂಡೆಚಿತ್ರಗಳಿಗೆ ಕೈ ಹಚ್ಚಬೇಡಿ.

ಹಂತ 6: ಒಂದೇ ಗೆರೆ ಆರಿಸುವುದು

ಬಂದ ಎರಡು ದಿನದೊಳಗೆ ಇದನ್ನು ಮಾಡಿ. ನೆಲದ ಮೇಲೆ ಬಟ್ಟೆ ಹಾಸಿ, ಪಕ್ಕದಲ್ಲಿ ಆರು ಪುಟ ಇಡಿ. ಬಟ್ಟೆಯಲ್ಲಿ ಮೊದಲೇ ಇರುವ ಗುರುತಿಗೆ ಯಾವ ಪುಟದ ಗೆರೆ ಹತ್ತಿರ ಬರುತ್ತದೆ ನೋಡಿ. ದುಪ್ಪಟಿಯ ತೆಳ್ಳಗಾದ ಅಂಚೇ ದಡದ ಗೆರೆಯಾದರೆ ನೀವು ಹೊಸದಾಗಿ ಮಾಡುವುದು ಅರ್ಧ ಕಡಿಮೆಯಾಯಿತು.

ಬಂಡೆ, ಹರಿಗೋಲು, ಬೆಳ್ಳಕ್ಕಿ, ಬಾಳೆತೋಟ, ಅಂಜನಾದ್ರಿ, ಸೂರ್ಯ ಎಲ್ಲವೂ ಬೇಕು ಅನಿಸುತ್ತದೆ. ಹಾಗೆ ತುಂಬಿದ ತುಂಡುಗಳನ್ನು ಬಹಳ ನೋಡಿದ್ದೇನೆ. ಅವುಗಳಲ್ಲಿ ಹಳೆಯ ಬಟ್ಟೆ ಕಾಣುವುದೇ ಇಲ್ಲ. ಆಮೇಲೆ ಹೊಸ ಬಟ್ಟೆಯಲ್ಲೇ ಮಾಡಬಹುದಿತ್ತಲ್ಲ ಅನಿಸುತ್ತದೆ.

ಹಂತ 7: ಅಂಗೈ ಅಗಲದ ಮಾದರಿ

6 ಇಂಚಿನ ಒಂದು ಮಾದರಿ ಹೊಲಿಯಿರಿ, ಅಸಲು ತುಂಡಿಗೆ ಹಾಕುವ ಅದೇ ಬಟ್ಟೆ, ಅದೇ ದಾರ, ಅದೇ ಪದರ. ಹೊಲಿದ ಮೇಲೆ ಒಮ್ಮೆ ಒಗೆದು ಒಣಗಿಸಿ. ಸುಕ್ಕಾದರೆ, ಬಣ್ಣ ಬಿಟ್ಟರೆ ಇಲ್ಲೇ ಗೊತ್ತಾಗಲಿ. ಒಂದು ಸಂಜೆಯ ಕೆಲಸ ಮೂರು ವಾರವನ್ನು ಉಳಿಸುತ್ತದೆ.

ಹಂತ 8: ಪದರ ಕೂಡಿಸುವುದು

ಗಟ್ಟಿ ಗುಡ್ಡೆಯಿಂದ ತಳದ ಬಟ್ಟೆ ತೆಗೆಯಿರಿ. ನಾಲ್ಕೂ ಕಡೆ 2 ಇಂಚು ಹೆಚ್ಚು ಬಿಡಿ. ಅದರ ಮೇಲೆ ಮೆತ್ತನೆಯ ಒಂದು ಪದರ, ಧೋತರ ಇದ್ದರೆ ಬಹಳ ಒಳ್ಳೆಯದು. ಮೇಲೆ ನಿಮ್ಮ ಸವೆದ ಬಟ್ಟೆ. ಮೂರೂ ಬಟ್ಟೆಯ ಉದ್ದದ ಎಳೆ ಒಂದೇ ದಿಕ್ಕಿಗಿರಲಿ. ಅಡ್ಡಾದಿಡ್ಡಿ ಇಟ್ಟರೆ ತೂಗು ಹಾಕಿದಾಗ ಒಂದು ಮೂಲೆ ಜೋತು ಬೀಳುತ್ತದೆ.

ನೀರಿಗೆ ಉದ್ದನೆಯ ಪಟ್ಟಿಗಳು ಬೇಕಾದಾಗ ಕತ್ತರಿ ಬಳಸಬೇಡಿ. ಅಂಚಿನಲ್ಲಿ ಸಣ್ಣ ಗಾಯ ಮಾಡಿ ಕೈಯಿಂದ ಹರಿಯಿರಿ. ಸಾದಾ ನೇಯ್ಗೆಯ ಹತ್ತಿ ಬಟ್ಟೆ ಎಳೆ ಹಿಡಿದು ನೇರ ಹರಿಯುತ್ತದೆ. ಅಂಚಿಗೆ ಬಿಟ್ಟುಕೊಂಡ ಎಳೆಗಳು ದಡಕ್ಕೆ ತಾಗಿದ ನೊರೆಯ ಹಾಗೆ ನಿಲ್ಲುತ್ತವೆ, ಅದನ್ನು ಒಳಗೆ ಮಡಚಬೇಡಿ.

ತೂತುಗಳನ್ನು ಮುಚ್ಚುವ ಆಸೆ ಎಲ್ಲರಿಗೂ ಇರುತ್ತದೆ. ಮೇಲಿನಿಂದ ತೇಪೆ ಹಚ್ಚುವ ಬದಲು ತೂತಿನ ಒಳಗೆ ಇನ್ನೊಂದು ಬಣ್ಣದ ಚೂರು ಸೇರಿಸಿ, ತೂತಿನ ಅಂಚನ್ನು ಸೂಜಿಯ ತುದಿಯಿಂದ ಒಳಗೆ ಮಡಚಿ ಸುತ್ತ ಹೊಲಿಯಿರಿ. ಕಿಟಕಿಯ ಹಾಗೆ ಕಾಣುತ್ತದೆ. ಬಂಡೆಗಳ ನಡುವಿನ ನೀರನ್ನು ನಾನು ಹೀಗೇ ಮಾಡುವುದು.

ಎಲ್ಲ ಜಾಗಕ್ಕೆ ಕೂತ ಮೇಲೆ ಟಾಚಣಿ ಹಾಕಿ, ನಾಲ್ಕು ಬೆರಳು ಅಂತರಕ್ಕೆ ಕಚ್ಚಾ ಹೊಲಿಗೆ, ಕೊನೆಗೆ ಬಿಚ್ಚುವಂಥದ್ದು, ಹಾಕಿ. ನಡುವಿನಿಂದ ಶುರು ಮಾಡಿ ಹೊರಕ್ಕೆ ಹೋಗಿ. ಕೌದಿ ಹೊಲಿಯುವ ಅಜ್ಜಿಯಂದಿರು ಅಂಚಿನಿಂದ ಒಳಕ್ಕೆ ಸುತ್ತಿ ಬರುವುದನ್ನು ನಾನು ನೋಡಿದ್ದೇನೆ. ಅವರ ಕೈಗೆ ಅಳತೆ ಗೊತ್ತು. ನಾವು ಹಾಗೆ ಮಾಡಿದರೆ ನಡುವೆ ಗುಳ್ಳೆ ಏಳುತ್ತದೆ.

ಹಂತ 9: ಸಾಲು ಎಳೆಯುವುದು

ದಾರ ಬೆರಳ ತುದಿಯಿಂದ ಮೊಣಕೈವರೆಗೆ ಸಾಕು. ಉದ್ದ ತೆಗೆದರೆ ಗಂಟಾಗುತ್ತದೆ, ಪದೇ ಪದೇ ಬಟ್ಟೆಯೊಳಗೆ ಹಾದು ಸವೆಯುತ್ತದೆ. ಒಮ್ಮೆ ಮೇಣ ಸವರಿ.

ಹೊಲಿಗೆ ಸಾದಾ ಓಟದ್ದು, ಒಳಗೊಮ್ಮೆ ಹೊರಗೊಮ್ಮೆ. ಗಂಗಾವತಿ ಅಕ್ಕಿಯ ಕಾಳಿನ ಉದ್ದ ಇರಲಿ. ಎಲ್ಲ ಕಾಳು ಒಂದೇ ಅಳತೆಗೆ ಬರಲಿ ಅಂತ ಒದ್ದಾಡಬೇಡಿ. ಸಾಲಿನ ನಡುವಿನ ಅಂತರ ಮಾತ್ರ ಯೋಚಿಸಿ ಇಡಿ. ಮೇಲೆ, ದೂರದ ನೀರಿಗೆ, ಸಾಲುಗಳು ಒತ್ತಾಗಿರಲಿ, ಅರ್ಧ ಬೆರಳಿಗಿಂತ ಕಡಿಮೆ. ಕೆಳಗೆ, ಹತ್ತಿರದ ನೀರಿಗೆ, ಬರುತ್ತಾ ಬರುತ್ತಾ ಒಂದು ಬೆರಳಿಗೆ ಹಿಗ್ಗಲಿ. ಬಣ್ಣ ಬದಲಿಸದೆಯೇ ನೀರು ಹಿಂದಕ್ಕೆ ಸರಿದಂತೆ ಕಾಣುತ್ತದೆ. ಬಟ್ಟೆ ಬಹಳ ಸವೆದಿರುವ ಕಡೆ ಅಂತರ ಎಲ್ಲಿದ್ದರೂ ಒತ್ತಾಗಿ ಹೊಲಿಯಿರಿ, ಅಲ್ಲಿ ಬಟ್ಟೆಯನ್ನು ಹಿಡಿದಿಡುವುದೇ ಹೊಲಿಗೆ.

ದಡಕ್ಕೆ ಬಂದಾಗ ಕೆರೆಯ ಬಳಿ ಹೊಲಿದ ಆ ಬಿಳಿ ಚೂರು ತೆಗೆದು ಎದುರಿಗಿಡಿ. ಆ ಡೊಂಕನ್ನು ಹಾಗೇ ಇಲ್ಲಿಗೆ ತನ್ನಿ.

ಕೂಡಲೇ ನಿಲ್ಲಿಸಬೇಕಾದ ಗುರುತುಗಳು ಇವು.

ಸೂಜಿ ಹೊಕ್ಕಾಗ ಟಿಕ್ ಅಂತ ಸಣ್ಣ ಸದ್ದು ಬಂದರೆ ಎಳೆ ತುಂಡಾಗುತ್ತಿದೆ. ಸೂಜಿ ಮೊಂಡಾಗಿದೆ, ಇಲ್ಲವೇ ದಪ್ಪ ಇದೆ. ಬದಲಿಸಿ.

ಹೊಲಿಗೆಯ ಎರಡು ತುದಿಯಲ್ಲಿ ತೂತು ಉದ್ದವಾಗುತ್ತಿದ್ದರೆ ದಾರವನ್ನು ಜೋರಾಗಿ ಎಳೆಯುತ್ತಿದ್ದೀರಿ.

ಮೂರು ಸಾಲಿಗೊಮ್ಮೆ ತುಂಡನ್ನು ನೆಲದ ಮೇಲೆ ಹಾಸಿ ನೋಡಿ. ತಾನಾಗಿ ಚಪ್ಪಟೆ ಮಲಗಬೇಕು. ಮೂಲೆ ಎದ್ದರೆ, ನಡುವೆ ಉಬ್ಬಿದರೆ ಕೊನೆಯ ಮೂರು ಸಾಲು ಬಿಚ್ಚಿ. ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ ಅಂತ ಮುಂದೆ ಹೋದವರು ಯಾರೂ ಸರಿಮಾಡಿಕೊಂಡಿಲ್ಲ. ನಾನೂ ಸೇರಿ.

ತಿರುಗಿಸಿ ಹಿಂದೆ ನೋಡಿ. ದಾರ ಕುಣಿಕೆಯಾಗಿ ನಿಂತಿದ್ದರೆ ತಳದ ಪದರ ಸಡಿಲವಾಗಿದೆ.

ಬೆನ್ನು ನೋವು ಬಂದರೆ ಎದ್ದೇಳಿ. ದಣಿದ ಕೈಯ ಹೊಲಿಗೆ ಬಿಗಿಯಾಗುತ್ತಾ ಹೋಗುತ್ತದೆ, ಮರುದಿನ ನೋಡಿದಾಗ ಎಲ್ಲಿಂದ ಎಲ್ಲಿಯವರೆಗೆ ದಣಿದಿದ್ದಿರಿ ಅಂತ ಗೆರೆ ಎಳೆದು ತೋರಿಸಬಹುದು.

ಹಂತ 10: ಅಂಚು ಮತ್ತು ತೂಗು

ಕಚ್ಚಾ ಹೊಲಿಗೆ ಬಿಚ್ಚಿ. ತಳದಲ್ಲಿ ಬಿಟ್ಟ 2 ಇಂಚನ್ನು ಮೇಲಕ್ಕೆ ಎರಡು ಮಡಿಕೆ ಮಡಚಿ ಸುತ್ತ ಹೊಲಿದರೆ ಅಂಚಾಯಿತು, ಬೇರೆ ಪಟ್ಟಿ ಬೇಡ. ಹಳೆಯ ಪತ್ತಲದ ದಡಿ ಗಟ್ಟಿ ಇದ್ದರೆ ಅದನ್ನು ಮೇಲ್ಭಾಗಕ್ಕೆ ಮಾತ್ರ ಹಾಕಿ. ನಾಲ್ಕೂ ಕಡೆ ದಡಿ ಹಾಕಿದರೆ ಫೋಟೊದ ಚೌಕಟ್ಟಿನಂತೆ ಕಾಣುತ್ತದೆ. ನನಗೆ ಅದು ಹಿಡಿಸುವುದಿಲ್ಲ.

ಹಿಂಭಾಗದಲ್ಲಿ ಮೇಲೆ 3 ಇಂಚಿನ ಒಂದು ಉದ್ದ ಚೀಲ ಹೊಲಿದು ಅದರೊಳಗೆ ಬಿದಿರ ಕೋಲು ತೂರಿಸಿ. ಬಟ್ಟೆಯನ್ನು ಮೊಳೆಗೆ ನೇರ ಸಿಕ್ಕಿಸಬೇಡಿ, ಭಾರವೆಲ್ಲ ಎರಡೇ ಮೂಲೆಗೆ ಬೀಳುತ್ತದೆ. ಅಡುಗೆಮನೆಯ ಹೊಗೆ, ಕಿಟಕಿಯ ನೇರ ಬಿಸಿಲು ಎರಡರಿಂದಲೂ ದೂರವಿಡಿ. ಧೂಳಿಗೆ ಕೊಡವಬೇಡಿ, ಒಣ ಮೆತ್ತನೆಯ ಬ್ರಶ್ಶಿನಿಂದ ಮೇಲಿನಿಂದ ಕೆಳಕ್ಕೆ ಸವರಿ. ಮಳೆಗಾಲದಲ್ಲಿ ಗೋಡೆ ಬೆವರುವ ಮನೆಯಾದರೆ ಇಳಿಸಿ, ಮಡಚದೆ, ಕೋಲಿಗೇ ಸುತ್ತಿ ಇಡಿ.

ಉಳಿದ ಎಳೆ, ಚಿಂದಿ, ಕತ್ತರಿಸಿದ ಅಂಚು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಟಾಚಣಿ ಚುಚ್ಚುವ ದಿಂಬು. ಹಿಂದಿನ ಪದರದ ಒಂದು ಮೂಲೆಯಲ್ಲಿ ಯಾರ ಧೋತರ, ಯಾರ ದುಪ್ಪಟಿ, ಯಾವ ಕೆರೆ, ಯಾವ ತಿಂಗಳು ಅಂತ ದಾರದಲ್ಲೇ ಬರೆಯಿರಿ. ನನ್ನ ಮೊದಲ ತುಂಡಿನ ಹಿಂದೆ ಅಪ್ಪನ ಹೆಸರಿದೆ, ಅಕ್ಷರ ಅವ್ವನದು.